ಮೂಲೆ ಕತ್ತರಿಸಿದ ಹಿಮ್ಮಡಿ

"ಬನ್ರಪ್ಪ, ಎಲ್ರೂ ಬಂದು ನೋಡಿ. ನಮ್ಮ ಹೊಸ ಅಳಿಯಂದಿರು ಹೆಣದ ಕಾಲಿಂದ ಬಿಚ್ಕೊಂಡು ಬಂದಿರೋ ಶೂ."

ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಅಮರನಾಥ್ ನನ್ನ ಬಲಗಾಲಿನ ಶೂವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ಕೈ ಎತ್ತಿದಾಗ ಸಡಿಲವಾಗಿದ್ದ ವಾಚು ಮಣಿಕಟ್ಟಿನಿಂದ ಮೊಣಕೈ ಕಡೆಗೆ ಜಾರಿತು.

ಬೈರಕೂರಿನ ಆ ಮನೆ ಅವನ ಅಕ್ಕನದು. ಅಕ್ಕನ ಮಗಳು ಶ್ವೇತ. ಅವಳ ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಮರನಾಥ್ ಹೇಳಿದ್ದೇ ಮಾತು. ಅವತ್ತು ಎಲೆ ಅಡಿಕೆ ಬದಲಾಯಿಸಿ ನನಗೂ ಶ್ವೇತಳಿಗೂ ಮದುವೆ ಎಂದು ಗಟ್ಟಿ ಮಾಡಿಕೊಳ್ಳಬೇಕಿತ್ತು. ಟೇಕಲ್‌ನಿಂದ ನಾವು ಒಂದು ಟೆಂಪೊ ತುಂಬ ಜನ ಬಂದಿದ್ದೆವು. ಹಜಾರದಲ್ಲಿ ಕೂತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು.

"ಒಳಗಡೆ ನೋಡಿ, ಶಾಯಿಲಿ ನಂಬರ್ ಬರ್ದವ್ರೆ. ಮಾರ್ಚುರಿಲಿ ಹಿಂಗೇ ಬರೆಯೋದು," ಅಂದ. ಅವನು ಶ್ರೀನಿವಾಸಪುರದಲ್ಲಿ ಸರ್ಕಾರಿ ಗುಮಾಸ್ತ. ನಂಬರಿನ ವಿಷಯದಲ್ಲಿ ಅವನೆದುರು ಯಾರೂ ಬಾಯಿ ತೆಗೆಯುವುದಿಲ್ಲ. "ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನಿಗೆ ದೊರೆಗಳ ಶೂ ಬೇಕಂತೆ. ಎಲ್ಲಿ ಸಿಕ್ತೋ ಇದು?"

"ಕೋಲಾರದಲ್ಲಿ ತಗೊಂಡಿದ್ದು. ಸೆಕೆಂಡ್ ಹ್ಯಾಂಡು," ಅಂದೆ. ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

ಶ್ವೇತಳ ಅಪ್ಪನ ತಾಯಿ ದೊಡ್ಡಗಂಗಮ್ಮ ಮೆಲ್ಲಗೆ ಮುಂದೆ ಬಂದು ಶೂ ಮಗುಚಿದಳು. ಕಣ್ಣು ಅಷ್ಟಾಗಿ ಕಾಣದ ಮುದುಕಿ, ಹೆಬ್ಬೆರಳಿನಿಂದ ಅಟ್ಟೆಯನ್ನೆಲ್ಲ ಸವರಿ ಹಿಮ್ಮಡಿಯ ಒಳಮೂಲೆಗೆ ಬಂದು ನಿಂತಳು. ಅಲ್ಲಿ ಚೂಪಾಗಿರಬೇಕಿದ್ದ ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದರು.

"ಮೂಲೆ ಕುಯ್ದವ್ರೆ," ಅಂದಳು.

ಆ ಮನೆಯಲ್ಲಿ ಹಾಗೊಂದು ಪದ್ಧತಿ. ಸತ್ತವರ ಚಪ್ಪಲಿಯನ್ನು ಹೊರಗಿನವರಿಗೆ ಕೊಡುವ ಮೊದಲು ಹಿಮ್ಮಡಿಯ ಒಂದು ಮೂಲೆಯನ್ನು ಕುಯ್ಯುತ್ತಾರೆ. ಹೋದ ಕಾಲು ದಾರಿ ಗುರುತು ಹಿಡಿದು ಮತ್ತೆ ಮನೆಗೆ ಬರಬಾರದು ಎಂದು.

"ವದ್ದು ನಾಯನಾ. ಇವತ್ತು ಬೇಡ. ಸತ್ತೋರ ಕಾಲು ಹೊಸಲು ತಂಕ ಬಂದೈತೆ. ಇದು ಯಾರು ಮಾಡಿದ್ದು, ಎಲ್ಲಿಂದ ಬಂತು, ತಿಳ್ಕೊಂಡು ಬಾ. ಆಮೇಲೆ ಎಲೆ ಬದಲಾಯಿಸೋಣ," ಅಂದಳು ಮುದುಕಿ.

ತಟ್ಟೆಯಲ್ಲಿ ಜೋಡಿಸಿದ್ದ ಎಲೆ ಅಡಿಕೆ ಹಾಗೇ ಒಳಗೆ ಹೋಯಿತು.

ಟೆಂಪೊದಲ್ಲಿ ಅಮ್ಮ ಮುಳಬಾಗಿಲು ದಾಟುವವರೆಗೂ ಸೆರಗಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ, "ಹೊಸದು ತಗೊಳೋ ಅಂತ ಬಡ್ಕೊಂಡೆ," ಅಂದಳು.

ಹೊಸದು ತೆಗೆದುಕೊಳ್ಳದೆ ಇರಲಿಲ್ಲ. ಬೇಕಾದಷ್ಟು ತೆಗೆದುಕೊಂಡಿದ್ದೇನೆ. ಬರಿಗಾಲಲ್ಲಿ ಬೆಳೆದ ನನ್ನ ಪಾದ ಮುಂದಕ್ಕೆ ಮೊರದಂತೆ ಅಗಲ. ಯಾವ ಶೂ ಹಾಕಿದರೂ ಕಿರುಬೆರಳು ಕಚ್ಚುತ್ತದೆ. ಮಾಲೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಪೂರ್ತಿ ನಿಂತು ವೆಲ್ಡಿಂಗ್ ಮಾಡುವವನು ನಾನು, ಕಾಲು ನೋವು ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೋಲಾರದ ಗಡಿಯಾರ ಗೋಪುರದ ಹಿಂದಿನ ಸಂದಿಯಲ್ಲಿ, ಹಳೆ ಕೋಟುಗಳ ರಾಶಿಯ ಕೆಳಗಿದ್ದ ಈ ಕಂದು ಶೂಗಳಿಗೆ ಕಾಲು ತೂರಿಸಿದಾಗ ಎಲ್ಲೂ ಕಚ್ಚಲಿಲ್ಲ. ಯಾರದೆಂದು ನಾನು ಕೇಳಲಿಲ್ಲ. ಯಾಕೆ ಕೇಳಲಿ?

ಈಗ ಕೇಳಲು ಹೋದೆ.

"ಬಂಡಲ್ ಬರುತ್ತೆ ಕಣಪ್ಪ, ಚೆನ್ನೈಯಿಂದ," ಅಂದ ಅಂಗಡಿಯವನು. "ಫಾರಿನ್ ಬಂಡಲ್. ಬಂಡಲ್‌ಗೆ ಅಪ್ಪ ಅಮ್ಮ ಯಾರು ಅಂದ್ರೆ ನಾನೇನ್ ಹೇಳ್ಲಿ? ಬೇಡ ಅಂದ್ರೆ ವಾಪಸ್ ಕೊಡು, ಗಿರಾಕಿ ಬೇಕಾದಷ್ಟು ಅವ್ರೆ."

ವಾಪಸ್ ಕೊಡಲಿಲ್ಲ.

ಶಿಫ್ಟು ಮುಗಿಸಿ ಬಂದು, ಮೈಯಲ್ಲಿನ ಕಬ್ಬಿಣದ ವಾಸನೆಯ ಜೊತೆಗೇ ಮೆಟ್ಟಿಲ ಮೇಲೆ ಕೂತು ಆ ಶೂಗಳನ್ನು ನೋಡುವುದೇ ನನ್ನ ಕೆಲಸವಾಯಿತು. ಒಳಗೆ ಹಿಮ್ಮಡಿ ಊರುವ ಜಾಗದಲ್ಲಿ ಚಿನ್ನದ ಬಣ್ಣದಲ್ಲಿ ಕಂಪನಿಯ ಹೆಸರು ಅಚ್ಚಾಗಿತ್ತು. ಯಾರದೋ ಬೆವರು ಅದನ್ನು ಉಜ್ಜಿ ಹಾಕಿ ಬಾಲದ ಎರಡು ಅಕ್ಷರ ಮಾತ್ರ ಉಳಿಸಿತ್ತು. ಪಕ್ಕದ ಚರ್ಮದ ಮೇಲೆ ಕೈಬರಹದ ನಂಬರು, ಓರೆ ಗೆರೆ, ಒಂದು ಅಕ್ಷರ. ಹಿಮ್ಮಡಿಯಲ್ಲಿ ಕಮಾನಿನಂತೆ ಬಡಿದ ಹಿತ್ತಾಳೆ ಮೊಳೆಗಳು.

ಫೋಟೊ ತೆಗೆದು ಫೋನಿನಲ್ಲಿ ಹಳೆ ಶೂ ಹುಚ್ಚರ ಗುಂಪಿಗೆ ಹಾಕಿದೆ. ಅವರ ಇಂಗ್ಲಿಷನ್ನು ಫೋನೇ ಕನ್ನಡ ಮಾಡಿ ಕೊಡುತ್ತಿತ್ತು, ಅರ್ಧ ಅರ್ಥವಾಗುವ ಕನ್ನಡ. ಒಬ್ಬ ಆಗ್ರಾದ ನಕಲು ಅಂದ. ಇನ್ನೊಬ್ಬ ಅಮೆರಿಕದ್ದು ಅಂದ. ಒಬ್ಬ ಹೊಲಿಗೆ ಹತ್ತಿರದಿಂದ ತೋರಿಸು ಅಂದ, ತೋರಿಸಿದ ಮೇಲೆ ಮಾಯವಾದ. ಇದೂ ಒಂದು ಕಚೇರಿ ಅಲೆದಾಟವೇ ಅನ್ನಿಸಿತು. ರೋಸಿ ಬಿಟ್ಟುಬಿಡುವಷ್ಟರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಎಂಬ ಶೂ ಮಾಡುವ ಊರಿನಿಂದ ಒಬ್ಬ ಮುದುಕ ಬರೆದ. ಈ ಓರೆ ಗೆರೆ ಹಾಕಿ ನಂಬರ್ ಬರೆಯುವ ರೀತಿ, ಈ ಮೊಳೆಗಳ ಕಮಾನು, ಎರಡೂ ಹಾರ್ಟನ್ ಅಂಡ್ ಪೈಕ್ ಕಂಪನಿಯವು. ಅವನ ಚಿಕ್ಕಮ್ಮ ಅಲ್ಲೇ ಚರ್ಮ ಹೊಲಿಯುತ್ತಿದ್ದಳಂತೆ. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಈ ಜೋಡಿಗೆ ಅರವತ್ತು ವರ್ಷವಾದರೂ ಆಗಿರಬೇಕು. ಅದೇ ಕಂಪನಿಯ ಇನ್ನೊಂದು ಜೋಡಿಯ ಫೋಟೊ ಕೂಡ ಕಳಿಸಿದ್ದ. ಅದೇ ಬರಹ, ಅದೇ ಮೊಳೆ. ಅದರ ಹಿಮ್ಮಡಿಯ ಒಳಮೂಲೆಯನ್ನೂ ಕತ್ತರಿಸಿದ್ದರು.

ಮೂಲೆ ಯಾಕೆ ಎಂದು ಕೇಳಿದೆ. ನಡೆಯುವಾಗ ಇನ್ನೊಂದು ಕಾಲಿನ ಪ್ಯಾಂಟಿನ ಅಂಚು ಸಿಕ್ಕಿಕೊಳ್ಳಬಾರದು ಎಂದು, ಅಷ್ಟೆ. ನಂಬರು ಶೂ ಹೊಲಿಯುವ ಮರದ ಅಚ್ಚಿನದು ಮತ್ತು ಅಳತೆಯದು. ಕೊನೆಯ ಅಕ್ಷರ ಪಾದದ ಅಗಲದ್ದು, ನಿನ್ನದು ಅಗಲದ ಪಾದವಿರಬೇಕು ಎಂದು ಬರೆದಿದ್ದ. ಅದನ್ನು ಮತ್ತೆ ಮತ್ತೆ ಓದಿದೆ. ನನ್ನಂಥ ಪಾದಕ್ಕೂ ಎಲ್ಲೋ ಒಂದು ಅಕ್ಷರ ಇಟ್ಟಿದ್ದರು.

ರಜೆ ಸಿಕ್ಕ ದಿನ ಒಬ್ಬನೇ ಬಸ್ಸು ಹತ್ತಿ ಬೈರಕೂರಿಗೆ ಹೋದೆ. ಅದೇ ಶೂ ಹಾಕಿಕೊಂಡೇ ಹೋದೆ. ಅಂಗಳದಲ್ಲಿ ಟೊಮೆಟೊ ಆರಿಸಿ ಕ್ರೇಟಿಗೆ ತುಂಬುತ್ತಿದ್ದರು, ಅಕ್ಕಪಕ್ಕದ ಹೆಂಗಸರೂ ಇದ್ದರು. ಶೂ ಬಿಚ್ಚಿ ಜಗಲಿ ಕೆಳಗಿಟ್ಟು ಫೋನನ್ನು ಅಮರನಾಥ್ ಕೈಗೆ ಕೊಟ್ಟೆ. ಅವನು ನಿಧಾನವಾಗಿ ಇಂಗ್ಲಿಷಿನಲ್ಲೇ ಓದಿದ. ಜಗಲಿ ಮೇಲೆ ಕೂತಿದ್ದ ಮುದುಕಿಗೆ ನಾನು ಕನ್ನಡದಲ್ಲಿ ಹೇಳಿದೆ. ಮೂಲೆ ಯಾಕೆ ಕತ್ತರಿಸುತ್ತಾರೆ ಅಂದಾಗ ಅವಳು, "ಔನಾ," ಎಂದು ತಲೆದೂಗಿದಳು. ಮುಗಿಯಿತು ಅಂದುಕೊಂಡೆ.

"ಸರಿ, ಇಂಗ್ಲೆಂಡ್ ಶೂನೇ," ಅಂದ ಅಮರನಾಥ್. "ಒಪ್ಕೊಂಡೆ. ಅರವತ್ತು ವರ್ಷದ್ದು ಅಂತ ನೀನೇ ತಂದು ತೋರಿಸ್ತಿದ್ದೀಯ. ಅರವತ್ತು ವರ್ಷದ ಹಿಂದೆ ಇದನ್ನ ಹಾಕಿದ್ದ ದೊರೆ ಈಗ ಎಲ್ಲವ್ನೆ? ಟೆನಿಸ್ ಆಡ್ತವ್ನಾ?"

ಟೊಮೆಟೊ ಆರಿಸುತ್ತಿದ್ದವರು ನಕ್ಕರು. ಮುದುಕಿಯ ಕೈ ಜಗಲಿಯ ಅಂಚಿನಿಂದ ಹಿಂದಕ್ಕೆ ಸರಿಯಿತು.

"ಹೋಗ್ಲಿ ಬಿಡು," ಅಂದ ಅವನು, ದೊಡ್ಡ ಮನಸ್ಸು ಮಾಡುವವನಂತೆ. "ಇವನ್ನ ಕೆರೆಗೆ ಎಸೆದು, ತಲೆ ಮೇಲೆ ನೀರು ಸುರ್ಕೊಂಡು, ಬರಿಗಾಲಲ್ಲಿ ಬಾ. ಬರೋ ವಾರವೇ ಎಲೆ ಬದಲಾಯಿಸೋಣ. ಏನಂತೀಯ?"

ಹೇಳಲು ಒಂದು ಮಾತಿತ್ತು. ಅವನ ಮಣಿಕಟ್ಟಿನಲ್ಲೇ ಇತ್ತು. ಆ ಸಡಿಲ ವಾಚು ಶ್ವೇತಳ ಅಪ್ಪನದು. ಅಪ್ಪ ಸತ್ತ ದಿನ ಆಸ್ಪತ್ರೆಯಲ್ಲಿ ಬಿಚ್ಚಿ ಕೊಟ್ಟದ್ದನ್ನು ಮಾವ ಅವತ್ತೇ ಕಟ್ಟಿಕೊಂಡ ಎಂದು ಅವಳೇ ನನಗೆ ಹೇಳಿದ್ದಳು. ನಾನು ಅದನ್ನು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಶ್ವೇತ ನಾನು ಏನು ನೋಡುತ್ತಿದ್ದೇನೆಂದು ನೋಡಿದಳು, ಅಜ್ಜಿಯ ಕಡೆ ತಿರುಗಿದಳು. ಆ ಮುದುಕಿಗೆ ಅದು ಮಗನ ವಾಚು.

"ಏನಾದ್ರೂ ಹೇಳು," ಅಂದಳು ಶ್ವೇತ, ಮೆಲ್ಲಗೆ. ಹೇಳು ಅಂದಳೋ, ಅದೊಂದು ಬಿಟ್ಟು ಬೇರೆ ಹೇಳು ಅಂದಳೋ.

ಸಿಟ್ಟು ಇತ್ತು. ಅದನ್ನು ಎತ್ತುವಷ್ಟು ಶಕ್ತಿ ಇರಲಿಲ್ಲ. ಇವತ್ತು ಶೂ, ನಾಳೆ ಒಂಬತ್ತನೇ ಕ್ಲಾಸು, ನಾಡಿದ್ದು ಇನ್ನೊಂದು. ಪ್ರತಿಸಲ ನಾನೇ ಸಾಕ್ಷಿ ಹುಡುಕಿಕೊಂಡು ಬಸ್ಸು ಹತ್ತಿ ಬರಬೇಕು.

ಜಗಲಿಯ ಕೆಳಗೆ ಕೂತು ಶೂ ಹಾಕಿಕೊಂಡೆ. ಲೇಸು ಕಟ್ಟಿದೆ. ಅವನ ಕೈಯಿಂದ ಫೋನು ತೆಗೆದುಕೊಂಡೆ.

"ಏನ್ಲಾ, ಕೇಳ್ತಿರೋದು ನಿನ್ನನ್ನೇ," ಅಂದ ಅಮರನಾಥ್ ಹಿಂದಿನಿಂದ.

ಕ್ರೇಟುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ನಾನು ಬಸ್ ಸ್ಟಾಪಿನ ಕಡೆಗೆ ನಡೆದೆ.