ಹನ್ನೆರಡರವರೆಗಿನ ಮೌನ

ಮುಚ್ಚಿಕೊಳ್ಳುತ್ತಿದ್ದ ಲಿಫ್ಟಿನ ಬಾಗಿಲಿಗೆ ಮಿರೆಲ ಕಾಲು ಕೊಟ್ಟಳು. ಬಾಗಿಲು ಅವಳ ಪಾದವನ್ನು ಒಮ್ಮೆ ಕಚ್ಚಿ, ಯೋಚಿಸಿ, ಹಿಂದೆ ಸರಿಯಿತು. ಒಳಗೆ ಮಾರ್ಯು ಒಬ್ಬಳೇ ಇದ್ದಳು. ಎದೆಗೆ ಅವುಚಿಕೊಂಡ ಕಡತಗಳು, ಹಲ್ಲಿನಲ್ಲಿ ಕಚ್ಚಿ ಹಿಡಿದ ಅರ್ಧ ಸ್ಯಾಂಡ್‌ವಿಚ್.

"ಆರು ಸಲ ಫೋನ್ ಮಾಡಿದೀನಿ ನಿಂಗೆ," ಎಂದಳು ಮಿರೆಲ.

ಮಾರ್ಯು ಸ್ಯಾಂಡ್‌ವಿಚ್ಚನ್ನು ಕೈಗೆ ತೆಗೆದುಕೊಂಡಳು. "ಏಳು ಸಲ. ಎತ್ತಿದ್ರೆ ಮಾತಾಡ್ಬೇಕಾಗತ್ತಲ್ಲ ಅಂತ ಎತ್ಲಿಲ್ಲ. ನಾಲ್ಕನೇ ಮಹಡಿ ಬರೋವರೆಗೆ ಟೈಮಿದೆ, ಹೇಳು."

"ಕ್ರೀಡೆಯ ಕರಡು. ಹನ್ನೆರಡಕ್ಕೆ ಮೌನ ಮುಗಿಯತ್ತೆ. ನೀನು ಅದನ್ನ ಮುರೀಬೇಕು."

ಮಾರ್ಯು ಅಗಿಯುವುದನ್ನು ನಿಲ್ಲಿಸಿದಳು.

ಬ್ರಸೆಲ್ಸಿನಲ್ಲಿ ಎಷ್ಟೋ ಕಾಗದಗಳಿಗೆ ಜೀವ ಬರುವುದು ಹೀಗೆಯೇ. ಇಪ್ಪತ್ತೇಳು ದೇಶಗಳ ಪ್ರತಿನಿಧಿಗಳಿಗೆ ಕರಡು ಹೋಗುತ್ತದೆ, ಜೊತೆಗೆ ಒಂದು ದಿನ, ಒಂದು ಗಂಟೆ. ಅಷ್ಟರೊಳಗೆ ಯಾರೂ ಬೇಡ ಎಂದು ಬರೆಯದಿದ್ದರೆ ಎಲ್ಲರೂ ಹೂಂ ಎಂದ ಹಾಗೆ. ಬೇಡ ಎನ್ನುವ ಹಕ್ಕು ದೇಶಗಳ ಪ್ರತಿನಿಧಿಗಳಿಗೆ ಮಾತ್ರ ಇದೆ. ಮಾರ್ಯು ಬಾಲ್ಟಿಕ್ ದಡದ ಒಂದು ಪುಟ್ಟ ದೇಶದ ಪ್ರತಿನಿಧಿ. ಕ್ರೀಡೆ, ಶಾಲೆ, ಗ್ರಂಥಾಲಯ, ಯುವಜನ ಎಲ್ಲವೂ ಅವಳೊಬ್ಬಳ ಹೆಗಲ ಮೇಲೆ. ಮಿರೆಲ ವ್ಯಾಯಾಮ ಕೇಂದ್ರಗಳ ಒಕ್ಕೂಟದ ಉದ್ಯೋಗಿ. ಉದ್ಯಮದವಳು. ಅವಳು ಕಿರುಚಿದರೂ ಅದು ಮೌನದ ಲೆಕ್ಕಕ್ಕೇ ಹೋಗುತ್ತದೆ.

"ಅದು ನಿಮ್ಮದೇ ಕರಡಲ್ವೇನೇ," ಎಂದಳು ಮಾರ್ಯು. "ಮೂರು ವರ್ಷ ನಮ್ಮ ಪ್ರಾಣ ತಿಂದಿದೀರ. ಡಾಕ್ಟರು ಮಾತ್ರೆ ಬರೆದ ಹಾಗೆ ವ್ಯಾಯಾಮ ಬರೀಬೇಕು, ವಿಮೆಯವರು ಕೊಡಬೇಕು, ರೋಗಿ ಜಿಮ್ಮಿಗೆ ಬರಬೇಕು. ಈಗ ಎಲ್ಲ ಸಿಕ್ಕಿದೆ. ನೀನೇ ಅಡುಗೆ ಮಾಡಿ, ನೀನೇ ಬಡಿಸಿ, ತುತ್ತು ಬಾಯಿಗಿಡೋ ಹೊತ್ತಿಗೆ ತಿನ್ನಬೇಡಿ ಅಂತೀಯಲ್ಲ ಮಾರಾಯ್ತಿ."

"ಹತ್ತೊಂಬತ್ತನೇ ಪ್ಯಾರಾ. ಕೇಂದ್ರ ತೆರೆದಿರೋವಾಗೆಲ್ಲ ತರಬೇತಿ ಪಡೆದ ಒಬ್ಬರು ಅಲ್ಲಿರಬೇಕು ಅಂತಿತ್ತು. ಅದನ್ನ ತೆಗೆದು, ಇರಬೇಕು, ಇಲ್ಲಾ ದೂರದಿಂದ ಕ್ಯಾಮೆರಾದಲ್ಲಿ ನೋಡ್ತಿರಬೇಕು ಅಂತ ಮಾಡಿದಾರೆ. ನಮ್ಮ ವರದಿಯ ಮೂರನೇ ಪಟ್ಟಿ ನೋಡ್ಕೊಂಡು."

"ಹೌದು. ಆರು ವರ್ಷ, ನಾಲ್ಕು ಸಾವಿರ ಕೇಂದ್ರ, ಸಿಬ್ಬಂದಿ ಇಲ್ಲದ ಹೊತ್ತಲ್ಲಿ ಆದ ಅನಾಹುತ ಸೊನ್ನೆ. ಒಳ್ಳೆ ಪಟ್ಟಿ. ನೀನೇ ಮಾಡಿದ್ದು."

"ಸೊನ್ನೆ ಸುಳ್ಳು."

ಲಿಫ್ಟು ನಿಂತಿತು. ಬಾಗಿಲು ತೆರೆಯಿತು. ಮಾರ್ಯು ಹೊರಗೆ ಹೋಗಲಿಲ್ಲ. ಕಡತದ ಮೂಲೆಯಿಂದ ಗುಂಡಿಯೊತ್ತಿ ಬಾಗಿಲನ್ನು ತೆರೆದೇ ಇಟ್ಟಳು.

"ಅನಾಹುತ ಆದ್ರೆ ಒಂದು ಫಾರಂ ತುಂಬಬೇಕು," ಎಂದಳು ಮಿರೆಲ. "ಫಾರಂ ತುಂಬೋದು ಆ ಹೊತ್ತಲ್ಲಿ ಕೆಲಸದಲ್ಲಿದ್ದ ತರಬೇತುದಾರ. ಅವನ ನೋಂದಣಿ ನಂಬರ್ ಹಾಕದಿದ್ರೆ ಫಾರಂ ಮುಂದಕ್ಕೇ ಹೋಗಲ್ಲ. ತರಬೇತುದಾರನೇ ಇಲ್ಲದ ಹೊತ್ತಲ್ಲಿ ಯಾರು ತುಂಬ್ತಾರೆ?"

"ಆ ಫಾರಂ ಮಾಡಿದ ಪುಣ್ಯಾತ್ಮ ಯಾರು?"

"ನಾನೇ."

ಕಾರಿಡಾರಿನಲ್ಲಿ ಯಾರೋ ಮಾರ್ಯುವಿನ ಹೆಸರು ಹಿಡಿದು ಕರೆದರು. ಅವಳು ಬಂದೆ ಎಂದು ಕೈಯಾಡಿಸಿದಳು.

"ಕಾಗದ ಬೇಕು ನಂಗೆ. ಲಿಫ್ಟಲ್ಲಿ ಒಬ್ಬಳು ಹೇಳಿದಳು ಅಂತ ಇಪ್ಪತ್ತಾರು ದೇಶಗಳ ಮುಂದೆ ಮೌನ ಮುರಿಯೋಕಾಗಲ್ಲ. ಫಾರಂ, ಅದರ ನಿಯಮ, ಒಂದಾದ್ರೂ ನಿಜವಾದ ಪ್ರಕರಣ, ಕೆಳಗೆ ನಿನ್ನ ಹೆಸರು. ನಿನ್ನ ಹೆಸರಿಲ್ಲದೆ ನಾನು ಮುಟ್ಟಲ್ಲ. ನಮ್ಮ ರಾಜಧಾನಿಯಲ್ಲಿ ಜೂನ್ ತಿಂಗಳ ಶುಕ್ರವಾರ, ಎಲ್ಲರೂ ಆಗಲೇ ದ್ವೀಪಗಳ ಕಡೆ ಹೊರಟಾಯ್ತು. ಹೂಂ ಅನ್ನೋಕೆ ಒಬ್ಬನನ್ನ ಕುರ್ಚಿಗೆ ಕಟ್ಟಿ ಕೂರಿಸ್ತೀನಿ. ಹನ್ನೊಂದೂ ಮುಕ್ಕಾಲರೊಳಗೆ ಕಳಿಸು."

ಆಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

ಅಂದು ಮುಷ್ಕರ. ಟ್ರಾಮೂ ಇಲ್ಲ, ಮೆಟ್ರೋವೂ ಇಲ್ಲ. ಕಾರುಗಳು ಬಿಸಿಲಿನಲ್ಲಿ ಒಂದರ ಹಿಂದೊಂದು ಅಂಟಿಕೊಂಡು ನಿಂತಿದ್ದವು. ಮಿರೆಲ ಮೊದಲು ಬೇಗ ನಡೆದಳು, ಆಮೇಲೆ ಓಡಿದಳು. ಸೂಟಿನ ಕೆಳಗೆ ಆಫೀಸಿನ ಬೂಟು, ಕತ್ತಿನಲ್ಲಿ ಜೋತಾಡುವ ಸಂದರ್ಶಕರ ಬಿಲ್ಲೆ. ಜುರ್ದಾಂ ಚೌಕದಲ್ಲಿ ಆಲೂಗಡ್ಡೆ ಕರಿಯುವ ಅಂಗಡಿಯ ಮುಂದಿನ ಸಾಲು ಅವಳಿಗೆ ದಾರಿ ಬಿಟ್ಟಿತು. "ಓಡ್ರೀ ಮೇಡಂ, ಮೇಯನೇಸ್ ಖಾಲಿಯಾಗತ್ತೆ," ಎಂದ ಒಬ್ಬ.

ಒಂದು ಕಾಲದಲ್ಲಿ ಕಡಲ ದಡದ ತನ್ನೂರು ರಿಯೆಕಾದ ಈಜುಕೊಳದಲ್ಲಿ ಅವಳು ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ದಿನದ ಕೊನೆಯ ಮಗು ನೀರಿನಿಂದ ಹತ್ತಿ ಬಂದ ಮೇಲೆ ಪುಸ್ತಕದಲ್ಲಿ ಸಹಿ ಹಾಕಿ ಮನೆಗೆ ಹೋಗುವುದು ಅಲ್ಲಿನ ಪದ್ಧತಿ. ಯಾವುದೇ ಗಾಯ, ಯಾವುದೇ ಮೂರ್ಛೆ, ಕಂಡವರದೇ ಸಹಿ ಬೇಕು. ಕೇಳಿದ ಮಾತು ನಡೆಯದು. ಬ್ರಸೆಲ್ಸಿಗೆ ಬಂದು ಫಾರಂ ಮಾಡುವ ಕೆಲಸ ಸಿಕ್ಕಾಗ ಆ ಪುಸ್ತಕವನ್ನೇ ಕಂಪ್ಯೂಟರಿಗೆ ಇಳಿಸಿದ್ದಳು. ಕಣ್ಣಾರೆ ಕಂಡವರಿಲ್ಲದೆ ವರದಿಯಿಲ್ಲ. ಅಂದು ಆ ನಿಯಮದ ಬಗ್ಗೆ ಹೆಮ್ಮೆಯಿತ್ತು. ದಡದಲ್ಲಿ ಯಾರೂ ಇಲ್ಲದ ಕೊಳವನ್ನು ಜನ ತೆರೆದಿಡುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ.

ಹೊಳೆಯಿಸಿದ್ದು ಆಲ್ಸ್ಟ್ ಎಂಬ ಊರಿನಿಂದ ಬಂದ ಪತ್ರ. ಬರೆದವರು ಗೋದೆಲೀವ ಪೀಟರ್ಮನ್ಸ್. ಅವರ ಗಂಡ ಯೋಸ್ ಬ್ರೆಡ್ ಸಾಗಿಸುವ ವ್ಯಾನಿನ ಚಾಲಕ. ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಕ್ಕೆ ಬೆಳಗಿನ ಐದಕ್ಕೇ ಜಿಮ್ಮಿಗೆ ಹೋಗುತ್ತಿದ್ದರು. ಮಾರ್ಚಿನ ಒಂದು ದಿನ ಬೆಂಚಿನ ಪಕ್ಕ ಬಿದ್ದರು. ನಲವತ್ತೇಳು ನಿಮಿಷ ಹಾಗೇ ಬಿದ್ದಿದ್ದರು. ಎಲ್ಲೋ ಇನ್ನೊಂದು ದೇಶದಲ್ಲಿ ಒಬ್ಬ ತೊಂಬತ್ತು ಪರದೆಗಳನ್ನು ನೋಡುತ್ತಿದ್ದ. ಅವನಿಗೆ ಯೋಸ್ ವಿಶ್ರಾಂತಿ ತೆಗೆದುಕೊಳ್ಳುತ್ತಿರುವಂತೆ ಕಂಡಿತು. ಕೊನೆಗೆ ವ್ಯಾಯಾಮಕ್ಕೆ ಬಂದ ಒಬ್ಬಳು ನರ್ಸ್ ಅವರನ್ನು ಕಂಡಳು. ಗೋದೆಲೀವ ದೂರು ಕೊಟ್ಟಾಗ ಆ ಕಂಪನಿಯ ವಕೀಲರು ಒಕ್ಕೂಟದ ಮೂರನೇ ಪಟ್ಟಿಯನ್ನು ಲಗತ್ತಿಸಿ ಉತ್ತರಿಸಿದ್ದರು: ಇಂಥ ಹೊತ್ತಿನಲ್ಲಿ ಅನಾಹುತವಾದ ದಾಖಲೆಯೇ ಇಲ್ಲ.

ನಿನ್ನೆ ಸಂಜೆ ಪತ್ರ ಓದಿದ ಕೂಡಲೇ ಮಿರೆಲ ಫೋನ್ ಮಾಡಿದ್ದಳು.

"ಈಗ ನನ್ನ ಹೆಸರು ಹೇಳ್ತಾರಮ್ಮ," ಎಂದಿದ್ದರು ಗೋದೆಲೀವ. "ಬಲಗೈ ಬರಲ್ಲ. ನಾಯಿ ಹೆಸರೂ ಬರಲ್ಲ. ನಾಯಿಗೇ ಸ್ವಲ್ಪ ಬೇಜಾರು." ಆಮೇಲೆ ಅದೇ ಸಾಮಾನ್ಯ ದನಿಯಲ್ಲಿ, "ದುಡ್ಡು ಗಿಡ್ಡು ಕೇಳ್ತಿಲ್ಲ ನಾನು. ನಿಮ್ಮ ಪಟ್ಟಿಯಲ್ಲಿ ನಮ್ಮ ಯೋಸ್ ಎಲ್ಲಿದಾರೆ, ಅದನ್ನೊಂದು ತೋರಿಸಿಬಿಡಿ."

ಪಟ್ಟಿಯಲ್ಲಿ ಯೋಸ್ ಇರಲಿಲ್ಲ. ಆ ಸಾಲಿನಲ್ಲಿ ಇದ್ದದ್ದು ಸೊನ್ನೆ.

ಫ್ಲಾಜೆ ಕೊಳದ ಪಕ್ಕದ ಕಚೇರಿ ತಲುಪಿದಾಗ ಹನ್ನೊಂದು ಇಪ್ಪತ್ತೈದು. ಕೊಳದ ಬಾತುಕೋಳಿಗಳ ಹೊರತು ಯಾರೂ ಅವಳನ್ನು ನೋಡಲಿಲ್ಲ ಎಂದುಕೊಂಡಳು. ಮೇಜಿನ ಮುಂದೆ ನಿಂತೇ ಕೈಪಿಡಿಯ ಏಳನೇ ಪುಟ ತೆಗೆದಳು: ತರಬೇತುದಾರರ ನೋಂದಣಿ ಸಂಖ್ಯೆ ನಮೂದಿಸದ ವರದಿಯನ್ನು ಸ್ವೀಕರಿಸುವುದಿಲ್ಲ. ಫಾರಮ್ಮಿನ ಚಿತ್ರ, ಗೋದೆಲೀವ ಅವರ ಒಪ್ಪಿಗೆಯೊಂದಿಗೆ ಅವರ ಪತ್ರ, ಕೊನೆಗೆ ತನ್ನದೇ ನಾಲ್ಕು ಸಾಲು. ಮೂರನೇ ಪಟ್ಟಿಯನ್ನು ಸಿದ್ಧಪಡಿಸಿದವಳು ನಾನು. ಸಿಬ್ಬಂದಿಯಿಲ್ಲದ ಅವಧಿಯ ಅಂಕಿ ಅಳೆದು ಬಂದದ್ದಲ್ಲ. ಅಳೆಯುವವರೇ ಇಲ್ಲದ್ದರಿಂದ ಬಂದದ್ದು. ಅದನ್ನು ಆಧಾರವಾಗಿ ಬಳಸಬಾರದು. ಮಿರೆಲ ಯುರಿಚಿಚ್.

ಹನ್ನೊಂದು ಮೂವತ್ತೆಂಟಕ್ಕೆ ಕಳಿಸಿದಳು. ಆಗಷ್ಟೇ ಕಾಲು ನೋಯುತ್ತಿರುವುದು ಗೊತ್ತಾಯಿತು.

"ಒಳ್ಳೆ ವೇಗ, ಚಾಂಪಿಯನ್."

ಬಾಗಿಲಲ್ಲಿ ಬೆನೊವಾ ನಿಂತಿದ್ದ. ಎರಡು ಕೈಯಲ್ಲಿ ಎರಡು ಕಾಫಿ, ಬಸಿಗಳಲ್ಲಿ ಒಂದೊಂದು ದಾಲ್ಚಿನ್ನಿ ಬಿಸ್ಕತ್ತು. ಒಕ್ಕೂಟದ ಪ್ರಧಾನ ಕಾರ್ಯದರ್ಶಿ. ಹರೆಯದಲ್ಲಿ ಹ್ಯಾಂಡ್‌ಬಾಲ್ ಗೋಲ್ ಕಾಯುತ್ತಿದ್ದವನ ಬಲಗೈಯ ಎರಡು ಬೆರಳು ಇಂದಿಗೂ ಸೊಟ್ಟ. ಮಿರೆಲಳಿಗೆ ಈ ಊರಿನಲ್ಲಿ ಮೊದಲ ಕೆಲಸ ಕೊಟ್ಟವನು ಅವನೇ.

"ನಾಲ್ಕನೇ ಮಹಡಿಯಿಂದ ಫೋನ್ ಬಂತು," ಎಂದು ಕಾಫಿ ಇಟ್ಟ. "ನಿಮ್ಮ ಹುಡುಗಿ ಲಿಫ್ಟಿನಲ್ಲಿ ಯಾರನ್ನೋ ಹಿಡ್ಕೊಂಡಿದಾಳೆ ಅಂದ್ರು. ಪ್ರೇಮ ಪ್ರಕರಣ ಆಗಿದ್ರೆ ಚೆನ್ನಾಗಿತ್ತು ಅಂದ್ಕೊಂಡೆ."

"ಅಲ್ಲ."

"ಗೊತ್ತು. ಕೂತ್ಕೋ."

ಅವಳು ಕೂರಲಿಲ್ಲ. ಮೇಜಿನ ಮೇಲಿದ್ದ ಫೋನು ನಡುಗಿತು. ಮಾರ್ಯು: ಸಿಕ್ತು. ರಾಜಧಾನಿ ಹೂಂ ಅಂದಿದೆ. ಸರಿಯಾಗಿ 11:55ಕ್ಕೆ ಕಳಿಸ್ತೀನಿ. ನಿನ್ನ ಹೆಸರು ಇರತ್ತೆ. ಮನಸ್ಸು ಬದಲಾದ್ರೆ ಅದಕ್ಕೆ ಮುಂಚೆ ಹೇಳು, ಆಮೇಲೆ ನನ್ನ ಕೈಲಿಲ್ಲ.

ಬೆನೊವಾ ಅದನ್ನು ತಲೆಕೆಳಗಾಗಿಯೇ ಓದಿದ. ಅವನು ಎಲ್ಲವನ್ನೂ ತಲೆಕೆಳಗಾಗಿ ಓದಬಲ್ಲ. ಎದುರು ಕೂತವರ ಕಾಗದ ಓದಿಯೇ ಮೇಲೆ ಬಂದವನು.

"ಹನ್ನೆರಡು ನಿಮಿಷ," ಎಂದ. "ಕೇಳು. ಬೈಯಲ್ಲ. ಆ ಸೊನ್ನೆ ತಪ್ಪು ಅಂತ ನಾನೂ ಒಪ್ತೀನಿ. ನಿನ್ನ ತಪ್ಪು, ನಂದೂ ತಪ್ಪು. ಆದ್ರೆ ಮೌನ ಮುರಿದ್ರೆ ಏನಾಗತ್ತೆ ಗೊತ್ತಲ್ವಾ? ಆರು ತಿಂಗಳಿಗೊಮ್ಮೆ ಬದಲಾಗೋ ಅಧ್ಯಕ್ಷ ಸ್ಥಾನ ಬುಧವಾರ ಬೇರೆ ದೇಶಕ್ಕೆ ಹೋಗತ್ತೆ. ಅವರಿಗೆ ಕ್ರೀಡೆ ಅಂದ್ರೆ ಫುಟ್ಬಾಲ್ ಅಷ್ಟೇ. ಕರಡು ಕಪಾಟು ಸೇರತ್ತೆ. ಎರಡು ವರ್ಷ, ಮೂರು ವರ್ಷ. ಡಾಕ್ಟರ ಚೀಟಿ ಇಲ್ಲ, ವಿಮೆ ಇಲ್ಲ. ಅಷ್ಟರಲ್ಲಿ ಸೋಫಾ ಮೇಲೆ ಕೂತು ಕೂತು ಹೋಗೋರು ಎಷ್ಟು ಜನ? ಅವರನ್ನ ಯಾವ ಫಾರಂನಲ್ಲಿ ತುಂಬ್ತೀಯ?"

ಅವನು ಹೇಳಿದ್ದು ಸುಳ್ಳಲ್ಲ. ಕಷ್ಟವಿದ್ದದ್ದೇ ಅಲ್ಲಿ. ಮೂರು ವರ್ಷ ಅವಳೂ ಇದನ್ನೇ, ಇದೇ ಮಾತುಗಳಲ್ಲಿ, ಊರೂರಿಗೆ ಹೋಗಿ ಹೇಳಿ ಬಂದಿದ್ದಳು.

"ಪ್ಯಾರಾ ಹತ್ತೊಂಬತ್ತು ಹಳೇದೇ ಇರಲಿ," ಎಂದಳು. "ಉಳಿದದ್ದೆಲ್ಲ ಪಾಸಾಗಲಿ."

"ಒಬ್ಬ ಮನುಷ್ಯ ಯಾವಾಗಲೂ ಇರಬೇಕು ಅಂದ್ರೆ ಸಣ್ಣ ಊರುಗಳ ಕೇಂದ್ರ ಬಾಗಿಲು ಹಾಕ್ತವೆ. ದೊಡ್ಡ ಸದಸ್ಯರು ಒಕ್ಕೂಟ ಬಿಟ್ಟು ಹೋಗ್ತಾರೆ. ಆಗ ನೀನೂ ಇಲ್ಲ, ನಾನೂ ಇಲ್ಲ, ಫಾರಂ ಕೂಡ ಇಲ್ಲ." ಅವನು ಬಿಸ್ಕತ್ತನ್ನು ಮುರಿದ, ತಿನ್ನಲಿಲ್ಲ. "ದಾರಿ ಇದೆ. ನಾನು ಈಗಿನ ಅಧ್ಯಕ್ಷ ದೇಶದವರ ಹತ್ರ ಮಾತಾಡಿದೀನಿ. ಮೂರನೇ ಪಟ್ಟಿ ಕೆಳಗೆ ಅಡಿಟಿಪ್ಪಣಿ. ಸಿಬ್ಬಂದಿಯಿಲ್ಲದ ಅವಧಿಯ ಮಾಹಿತಿ ಪರಿಶೀಲನೆಯಲ್ಲಿದೆ ಅಂತ. ಅಕ್ಷರ ತಪ್ಪಿನ ತಿದ್ದುಪಡಿ ಅಂತ ಸೋಮವಾರ ಸೇರಿಸ್ತಾರೆ, ಯಾರೂ ಕೇಳಲ್ಲ."

"ಯಾರೂ ಓದಲ್ಲ ಅನ್ನು."

"ನೀನು ಓದಿಸ್ತೀಯ. ಸೆಪ್ಟೆಂಬರಿಂದ ಸುರಕ್ಷತೆಗೇ ಒಂದು ಪ್ರತ್ಯೇಕ ವಿಭಾಗ. ನೀನು ಮುಖ್ಯಸ್ಥೆ. ಹೊಸ ಫಾರಂ, ನಿಂಗೆ ಬೇಕಾದ ಹಾಗೆ. ರಿಯೆಕಾದಲ್ಲೇ ಕೂತು ಮಾಡು, ದಿನಾ ಸಮುದ್ರಕ್ಕಿಳಿ, ಇಲ್ಲಿನ ಮಳೆ ನಮಗಿರಲಿ." ಅವನ ದನಿ ತಗ್ಗಿತು. "ಇನ್ನೊಂದು. ಆ ವ್ಯಾನ್ ಡ್ರೈವರು. ಪತ್ರ ನಾನೂ ಓದಿದೀನಿ. ಅವರ ಕೈ ಸರಿಹೋಗೋವರೆಗೆ ದೇಶದ ಅತ್ಯುತ್ತಮ ಕೇಂದ್ರದಲ್ಲಿ ಚಿಕಿತ್ಸೆ. ಒಂದು ವರ್ಷ ಆಗಲಿ, ಎರಡಾಗಲಿ. ಇದನ್ನ ತೋರಿಕೆಗೆ ಹೇಳ್ತಿಲ್ಲ. ಬೆಳಿಗ್ಗೆಯೇ ಮಾತಾಡಿ ಜಾಗ ಹಿಡಿಸಿದೀನಿ."

ಹೇಳಿದ್ದನ್ನು ಅವನು ಮಾಡುತ್ತಾನೆ. ಅದು ಮಿರೆಲಳಿಗೆ ಗೊತ್ತಿತ್ತು. ಕಣ್ಣ ಮುಂದೆ ಒಂದು ಕೈ ಬಂತು, ಅವಳು ಎಂದೂ ನೋಡದ ಕೈ. ಅದು ನಿಧಾನವಾಗಿ ಮುಷ್ಟಿ ಕಟ್ಟಿ, ಬಿಚ್ಚಿ, ನಾಯಿಯ ಕತ್ತುಪಟ್ಟಿಯನ್ನು ಹಿಡಿಯಿತು.

ಹನ್ನೊಂದು ಐವತ್ತೊಂದು. ಕಿಟಕಿಯ ಹೊರಗೆ ಕೊಳದ ಸುತ್ತ ಒಬ್ಬ ಮುದುಕ ಓಡುತ್ತಿದ್ದ. ಓಟವೆಂದರೆ ಓಟವಲ್ಲ, ನಡಿಗೆಗಿಂತ ಒಂದು ಬೆರಳು ಜಾಸ್ತಿ. ಅವನ ಹಿಂದೆ, ಬೆಂಚಿನಲ್ಲಿ ಕೂತ ಹೆಂಗಸು ಅವನು ಪ್ರತಿ ಸುತ್ತು ಬಂದಾಗಲೂ ತಲೆಯೆತ್ತಿ ನೋಡುತ್ತಿದ್ದಳು. ನೋಡಿ, ಮತ್ತೆ ಪತ್ರಿಕೆಗೆ ತಲೆ ತಗ್ಗಿಸುತ್ತಿದ್ದಳು. ಅಷ್ಟೇ ಅವಳ ಕೆಲಸ.

"ನಾನೇನು ಮಾಡಬೇಕು?" ಎಂದಳು ಮಿರೆಲ.

"ಒಂದು ಸಾಲು." ಬೆನೊವಾ ಫೋನನ್ನು ಸೊಟ್ಟ ಬೆರಳಿನಿಂದ ಮೇಜಿನ ಮೇಲೆ ಅವಳ ಕಡೆ ಜಾರಿಸಿದ. "ಅಂಕಿ ಸರಿಯಿದೆ, ಅವಸರದಲ್ಲಿ ಬರೆದೆ, ಕ್ಷಮಿಸು. ನಿನ್ನ ಗೆಳತಿಗೂ ಅದರಿಂದ ಉಪಕಾರವೇ. ಇಲ್ಲಾಂದ್ರೆ ಇಪ್ಪತ್ತಾರು ದೇಶದವರು ಅವಳ ಈ ಶುಕ್ರವಾರ ನೆನಪಿಟ್ಕೋತಾರೆ."

"ಅಡಿಟಿಪ್ಪಣಿ ಬಂದ ಮೇಲೆ ಪಟ್ಟಿಯಲ್ಲಿ ಏನಿರತ್ತೆ?"

"ಅಂದ್ರೆ?"

"ಆ ಸಾಲಿನಲ್ಲಿ. ಏನಿರತ್ತೆ?"

ಬೆನೊವಾ ಕಾಫಿಯ ಕಡೆ ನೋಡಿದ. "ಸೊನ್ನೆ ಇರತ್ತೆ. ಕೆಳಗೆ ಟಿಪ್ಪಣಿ ಇರತ್ತೆ."

"ಮತ್ತೆ ಚಿಕಿತ್ಸೆ ಕೊಡೋದು ಯಾರಿಗೆ? ಸೊನ್ನೆಗಾ?"

"ಮಿರೆಲ."

"ಆಕೆ ಕೈ ಸರಿಮಾಡಿ ಅಂತ ಕೇಳ್ಲಿಲ್ಲ ಬೆನೊವಾ. ಕೇಳಬಹುದಿತ್ತು. ಗಂಡ ಎಲ್ಲಿದಾನೆ ತೋರಿಸಿ ಅಂದ್ರು."

"ಕೈ ಬೇಡ ಅಂತ ಅವರ ಪರವಾಗಿ ಹೇಳೋಕೆ ನೀನು ಯಾರು?"

ಆ ಮಾತು ತಾಗಬೇಕಾದಲ್ಲೇ ತಾಗಿತು. ಮಿರೆಲ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಹನ್ನೊಂದು ಐವತ್ಮೂರು. ಫೋನಿನ ಪರದೆ ಕಪ್ಪಾಯಿತು. ಬೆನೊವಾ ಮೆಲ್ಲಗೆ ತಟ್ಟಿ ಮತ್ತೆ ಎಬ್ಬಿಸಿದ. ಮಾರ್ಯುವಿನ ಸಂದೇಶದ ಕೆಳಗಿನ ಖಾಲಿ ಜಾಗದಲ್ಲಿ ಒಂದು ಪುಟ್ಟ ಗೆರೆ ಮಿಟುಕುತ್ತಿತ್ತು.

"ನಾನೇ ಬರೀತೀನಿ ಬೇಕಾದ್ರೆ," ಎಂದ. ದನಿಯಲ್ಲಿ ಮೋಸವಿರಲಿಲ್ಲ, ದಣಿವಿತ್ತು. "ನೀನು ಒತ್ತಿದ್ರೆ ಸಾಕು. ಅದೂ ಬೇಡ, ನೀನು ಸುಮ್ಮನಿದ್ರೂ ಸಾಕು, ನಾನೇ ಒತ್ತುತ್ತೀನಿ. ಇಷ್ಟೇ ಕೇಳ್ತಿರೋದು. ಸುಮ್ಮನಿರು."

ಮಿರೆಲ ಕೈ ಚಾಚಿ ಅವನ ಬೆರಳಿನ ಕೆಳಗಿನಿಂದ ಫೋನನ್ನು ಎಳೆದುಕೊಂಡು ಜೇಬಿಗೆ ಹಾಕಿದಳು.

"ಬೇಡ," ಎಂದಳು. "ಬರೆಯಲ್ಲ. ಬರೆಯೋಕೂ ಬಿಡಲ್ಲ."