ಗುಲಾಬಿಗೆ ತಿರುಗಿದ ಪಟ್ಟಿ

ಶಿರಸಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಸ್ರೀನ್ ಎರಡು ವರ್ಷ ಹೆಣಗಿ ಒಂದು ಕಾಗದದ ಪಟ್ಟಿ ತಯಾರಿಸಿದ್ದಳು. ನೀರಿನಲ್ಲಿ ಪಾದರಸದ ವಿಷವಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು, ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತಿತ್ತು. ಈಗ ಜನ ನಿತ್ಯ ಕುಡಿಯುವ ಒಳ್ಳೆಯ ನೀರು ಬೇಕಾಗಿತ್ತು, ಪಟ್ಟಿ ಬೆಳ್ಳಗೆ ಉಳಿಯುವುದನ್ನು ತೋರಿಸಲು. ಹಳೆಯ ಶಿಷ್ಯೆ ಜ್ಯೋತಿ ಹೆರಿಗೆಗೆಂದು ಬನವಾಸಿ ಕಡೆಯ ತವರಿಗೆ ಬಂದಿದ್ದಳು. ಆ ಮನೆಯ ಬಾವಿ ನೀರೆಂದರೆ ಊರಿಗೇ ಹೆಸರು. ನಸ್ರೀನ್ ಅಲ್ಲಿಗೇ ಹೋದಳು.

"ಬರ್ರಿ ಮೇಡಮ್ಮಾರ, ಕೂಡ್ರಿ," ಎಂದು ಜ್ಯೋತಿಯ ತಾಯಿ ಗುರುಶಾಂತವ್ವ ಚಹಾ ತಂದಳು. ಕೈ ನಡುಗಿ ಅರ್ಧ ಚಹಾ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿತ್ತು. "ಹ್ವಾದ ವರ್ಷದಿಂದ ಹಿಂಗ ನೋಡ್ರಿ. ವಯಸ್ಸಾತಲ್ಲ." ಅವಳಿಗಿನ್ನೂ ಐವತ್ತು ತುಂಬಿರಲಿಲ್ಲ.

ಬಾವಿಕಟ್ಟೆಯ ಮೇಲೆ ಕೂತು ನಸ್ರೀನ್ ಪಟ್ಟಿ ಅದ್ದಿದಳು. ನಿಮಿಷದೊಳಗೆ ಅದು ಗುಲಾಬಿಯಾಯಿತು. ಪಟ್ಟಿಯೇ ಕೆಟ್ಟಿರಬೇಕೆಂದು ಇನ್ನೊಂದು ಅದ್ದಿದಳು. ಅದೂ ಹಾಗೇ. ಬಾವಿಯಾಚೆಗೆ ಶುಂಠಿ ಹೊಲ ಕಂಡಿತು; ಬಿತ್ತುವ ಮೊದಲು ಗಡ್ಡೆಗೆ ಔಷಧ ಹಚ್ಚುವುದು ಅವಳಿಗೆ ನೆನಪಾಯಿತು.

"ಶುಂಠಿ ಬೀಜ ಎಲ್ಲಿ ಅದ್ದುತ್ತೀರಿ?" ಎಂದು ಜ್ಯೋತಿಯ ತಂದೆ ನಾಗಪ್ಪನನ್ನು ಕೇಳಿದಳು.

ಅವನು ಬಾವಿಯ ಹಿಂದಿನ ಡ್ರಮ್ ತೋರಿಸಿದ. "ಬೀಜ ಕೊಳೀಬಾರ್ದಂತ ಔಷಧದಾಗ ಅದ್ದತೀವ್ರಿ. ಹಳೇ ಪುಡಿ, ಈಗ ಅಂಗಡ್ಯಾಗ ಸಿಗಂಗಿಲ್ಲ."

ಪಾದರಸವಿದೆಯೆಂದೇ ಆ ಪುಡಿಯನ್ನು ನಿಷೇಧಿಸಿದ್ದು ನಸ್ರೀನ್‌ಗೆ ಗೊತ್ತಿತ್ತು. "ಉಳಿದ ನೀರು?"

"ಇಲ್ಲೇ ಚೆಲ್ಲತೀವಿ."

"ಇವತ್ತಿನಿಂದ ಈ ನೀರು ಯಾರೂ ಕುಡೀಬೇಡಿ. ಅದರಲ್ಲಿ ಪಾದರಸ ಇದೆ."

ನಾಗಪ್ಪನಿಗೆ ಸಿಟ್ಟು ಬಂತು. "ನಮ್ಮಜ್ಜ ತೋಡಿಸಿದ ಬಾವಿ ಇದು. ಕಾಗದದ ಚೂರು ತಂದು ಹೆಸರು ಕೆಡಸಬ್ಯಾಡ್ರಿ!"

"ಅಪ್ಪಾ," ಎಂದಳು ಜ್ಯೋತಿ, ಹೊಟ್ಟೆಯ ಮೇಲೆ ಕೈಯಿಟ್ಟು. "ಎರಡು ತಿಂಗಳಿಂದ ನಾನೂ ಇದನ್ನ ಕುಡ್ಯಾಕತ್ತೇನಿ."

ನಾಗಪ್ಪ ಬಾವಿಯ ಗಡಗಡಿಯಿಂದ ಹಗ್ಗ ಬಿಚ್ಚಿ, ಕೊಡದ ಸಮೇತ ಮನೆಯೊಳಗಿಟ್ಟು ಬಂದ.

ದೊಡ್ಡ ಲ್ಯಾಬಿನ ವರದಿ ಪಟ್ಟಿಯ ಮಾತನ್ನೇ ಹೇಳಿತು. ತಾಯಿ ಮಗಳಿಬ್ಬರ ರಕ್ತದಲ್ಲೂ ಪಾದರಸವಿತ್ತು. ಮಗುವಿನ ಬಗ್ಗೆ ಕೇಳಿದರೆ, "ಹುಟ್ಟಲಿ, ಬೆಳೆಯಲಿ, ಆಮೇಲೇ ಗೊತ್ತಾಗಬೇಕು," ಎಂದರು ವೈದ್ಯರು. ನಸ್ರೀನ್ ಪಾದರಸ ಹೀರಿಕೊಳ್ಳಲೆಂದು ಗಂಧಕ ಹಿಡಿಸಿದ ಇದ್ದಿಲಿನ ಫಿಲ್ಟರ್ ಜೋಡಿಸಿ ಕೊಟ್ಟಳು. ಅದರಿಂದ ಇಳಿದ ನೀರಿನಲ್ಲಿ ಪಟ್ಟಿ ಹದಿನಾರು ದಿನ ಬೆಳ್ಳಗಿತ್ತು. ಹದಿನೇಳನೆಯ ದಿನ ಇದ್ದಿಲು ಪಾದರಸದಿಂದ ತುಂಬಿಹೋಗಿ ಪಟ್ಟಿ ಮತ್ತೆ ಗುಲಾಬಿಯಾಯಿತು.

ಮರುವಾರ ನಾಗಪ್ಪ ತಾನಾಗಿಯೇ ಕಾಲೇಜಿಗೆ ಬಂದ. ಚೀಲದಲ್ಲಿ ತನ್ನ ಮನೆಯ ಇಳಿಜಾರಿನ ಕೆಳಗಿನ ಬಾವಿಗಳ ನೀರು, ನಾಲ್ಕು ಬಾಟಲಿ. ಆ ಪುಡಿ ಬಳಸಿದವನು ತಾನೊಬ್ಬನೇ ಅಲ್ಲವೆಂದು ಒಳಗೆ ಬರುತ್ತಲೇ ಹೇಳಿದ್ದ. ಮೊದಲೆರಡರಲ್ಲಿ ಪಟ್ಟಿ ಬೆಳ್ಳಗೆ ಉಳಿಯಿತು. ಮೂರನೆಯದಕ್ಕೆ ಅದ್ದಿದ ಪಟ್ಟಿ ಅವಳ ಬೆರಳ ನಡುವೆಯೇ ಗುಲಾಬಿಯಾಯಿತು.

"ಇದು ಯಾರ ಬಾವಿ?"

ನಾಗಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ನಮ್ಮೂರ ಸಾಲೀದ್ರಿ, ಮಕ್ಕಳು ಕುಡ್ಯೂದು," ಎಂದ.