ಕಾವಲುಗಾರನ ಕೆಮ್ಮು

ಬೇರೆಯವರ ಹಣೆಬರಹ ಬರೆಯುವುದು ನನ್ನ ಉದ್ಯೋಗ. ಮಾಂಟ್ರಿಯಲ್‌ನ ಒಂದು ವಿಡಿಯೊ ಗೇಮ್ ಕಂಪನಿಯಲ್ಲಿ ಹದಿನಾರು ವರ್ಷದಿಂದ ಪಾತ್ರಗಳನ್ನು ಹುಟ್ಟಿಸುತ್ತೇನೆ, ಬೇಡವಾದಾಗ ಸಾಯಿಸುತ್ತೇನೆ. ಮನುಷ್ಯರನ್ನು ಗಮನಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಆ ಜಂಬಕ್ಕೆ ಬೆಂಕಿ ಬೀಳಲಿ.

ಹೋದ ವರ್ಷದ ಆಟದಲ್ಲಿ ಸೇತುವೆ ಕಾಯುವ ಒಬ್ಬ ಮುದುಕನಿದ್ದ. ಅವನ ಹತ್ತಿರ ಮಾತಾಡದೆ ಆಟಗಾರ ನದಿ ದಾಟುವ ಹಾಗಿಲ್ಲ. ಆಡಿ ನೋಡಲು ಕರೆಸಿದವರೋ, ಅವನು ಬಾಯಿ ತೆರೆದರೆ ಸಾಕು, ಗುಂಡಿ ಒತ್ತಿ ಮಾತು ಹಾರಿಸಿಬಿಡುತ್ತಿದ್ದರು. ಗಾಜಿನ ಈಚೆ ಕೂತು ನಾವು ನೋಡುತ್ತಿದ್ದೆವು. ಒಬ್ಬ ಹುಡುಗಿ ಚೀಟಿಯಲ್ಲಿ ಬರೆದಳು: ‘ಮರದ ಗೊಂಬೆಗೆ ಗಡ್ಡ ಅಂಟಿಸಿದ ಹಾಗಿದೆ.’

“ನೋಡಿದ್ಯಾ ಓಡೆಟ್?” ಎಂದ ಬ್ರೂನೊ. ಪಾತ್ರಗಳ ದನಿ ಮುದ್ರಿಸುವ ನಿರ್ದೇಶಕ ಅವನು. ಹೊಗಳಿ ಗೊತ್ತಿಲ್ಲದ ಪ್ರಾಣಿ. “ನಿನ್ನ ಕಾವಲುಗಾರನಿಗೆ ಜೀವಾನೇ ಇಲ್ಲ. ಮುಂದಿನ ಬುಧವಾರ ಮತ್ತೆ ಜನ ಬರ್ತಾರೆ. ಅಷ್ಟರೊಳಗೆ ಏನಾದ್ರೂ ಮಾಡು.”

ನಿಜವಾದ ನಟರು ಬರುವ ತನಕ ಕಚೇರಿಯವರೇ ಮಾತು ಓದಿ ತುಂಬಿಸಿಡುವುದು ನಮ್ಮಲ್ಲಿ ರೂಢಿ. ಕಾವಲುಗಾರನ ಮಾತನ್ನು ಕಂಪ್ಯೂಟರ್ ರಿಪೇರಿಯವನೊಬ್ಬ ನಿದ್ದೆಗಣ್ಣಲ್ಲಿ ಓದಿದ್ದ. ಅವನನ್ನು ಬಿಡಿಸಿ ನನ್ನ ಅಣ್ಣ ಫೆರ್ನಾಂನನ್ನು ಕರೆತಂದೆ. ಮೂವತ್ತು ಚಳಿಗಾಲ ಈ ಊರಿನ ಬೀದಿಯ ಹಿಮ ತೆಗೆಯುವ ಲಾರಿ ಓಡಿಸಿದವನು. ಬಾಯಿ ತೆರೆದರೆ ಬೈಗುಳ, ಬೈದು ಮುಗಿಸಿದರೆ ನಗು, ನಕ್ಕು ಮುಗಿಸಿದರೆ ಕೆಮ್ಮು.

“ಏನೇ, ಚಿಕ್ಕೋಳಿದ್ದಾಗಿಂದ ಬಾಯ್ಮುಚ್ಚು ಬಾಯ್ಮುಚ್ಚು ಅಂತಿದ್ದೋಳು, ಈಗ ಮಾತಾಡು ಅಂತ ಕರ್ಕೊಂಡ್ ಬಂದಿದೀಯಾ?”

“ಹರಟೆ ಸಾಕು. ಓದೋ ಸುಮ್ನೆ.”

ಓದಿದ. ನಡುವೆ ನಕ್ಕ, ಕೆಮ್ಮಿದ, ತಪ್ಪಾಯಿತೆಂದು ನೀರು ಕೇಳಿದ. ಬ್ರೂನೊ ಕಣ್ಣರಳಿಸಿ ನನ್ನ ಕಡೆ ತಿರುಗಿದ. ನನಗೂ ರೋಮಾಂಚನ! ಕಾವಲುಗಾರನ ವಿವರ ಬರೆದಿಡುವ ಹಾಳೆ ತೆಗೆದು ಅಲ್ಲೇ ಗೀಚಿದೆ: ‘ಕೆಮ್ಮುತ್ತಾನೆ. ಕಾರಣ ಬೇಕಿಲ್ಲ, ಮನುಷ್ಯ ಅನ್ನಿಸಿದರೆ ಸಾಕು.’

ಅರ್ಧ ಮಾತು ಉಳಿದಿತ್ತು. ಮಂಗಳವಾರ ಮುಗಿಸೋಣ ಎಂದಿದ್ದೆವು. ಸೋಮವಾರ ಅಣ್ಣನ ಫೋನು.

“ನಾಳೆ ಆಗಲ್ಲ ಕಣೇ. ಗಂಟಲು ತೋರಿಸ್ಬೇಕು. ಆಸ್ಪತ್ರೇಲಿ ಸರದಿ ಸಿಕ್ಕಿದ್ದೇ ಈಗ.”

“ಅಯ್ಯೋ, ಮುಂದಕ್ಕೆ ಹಾಕೋ! ಬುಧವಾರ ಜನ ಬರ್ತಾರೆ, ನನ್ನ ಮಾನ ಹೋಗುತ್ತೆ. ಮತ್ತೆ ಸಿರಪ್ಪು ಗಿರಪ್ಪು ಏನೂ ಕುಡೀಬೇಡ, ಕೆಮ್ಮು ಬೇಕು.”

“ನಿನ್ನ ಗೊಂಬೆಗೋಸ್ಕರ ನಾನು ಕೆಮ್ಕೊಂಡು ಕೂತಿರ್ಬೇಕಾ?” ಎಂದು ನಕ್ಕ. ನಕ್ಕು ಕೆಮ್ಮಿದ. ಮಾರನೆಯ ದಿನ ಬಂದು ಎಲ್ಲ ಓದಿಕೊಟ್ಟು ಹೋದ.

ಬುಧವಾರ ಒಬ್ಬರೂ ಗುಂಡಿ ಒತ್ತಲಿಲ್ಲ. ಅದೇ ಹುಡುಗಿ ಈ ಸಲ ಬರೆದಳು: ‘ಇವನು ನಮ್ಮ ಪಕ್ಕದ ಮನೆಯವನೇ. ಆ ಕೆಮ್ಮು ಕೇಳಿದರೆ ಬಿಟ್ಟುಹೋಗಲು ಮನಸ್ಸಾಗುವುದಿಲ್ಲ.’ ಆವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಿಟ್ಟ ಸರದಿ ಅಣ್ಣನಿಗೆ ಮತ್ತೆ ಸಿಕ್ಕಿದ್ದು ಮೂರೂವರೆ ತಿಂಗಳ ಮೇಲೆ. ಅಷ್ಟರಲ್ಲಿ ಗಂಟಲಿನ ಗಂಟು ಬೆಳೆದಿತ್ತು. ದನಿಪೆಟ್ಟಿಗೆಯನ್ನೇ ತೆಗೆದರು. “ಸ್ವಲ್ಪ ಮುಂಚೆ ಬಂದಿದ್ರೆ...” ಎಂದು ಡಾಕ್ಟರು ನಿಲ್ಲಿಸಿದರು. ಅಣ್ಣ ಚಾವಣಿ ನೋಡುತ್ತ ಮಲಗಿದ್ದ. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿ ಕಣ್ಣಲ್ಲೇ ಬೈದಿದ್ದರೂ ಬದುಕಿಕೊಳ್ಳುತ್ತಿದ್ದೆ.

ಬ್ರೂನೊನ ಮುಂದೆ ಗೋಗರೆದೆ. “ಅವನ ದನಿ ಉಳಿದಿರೋದು ಇಲ್ಲೊಂದೇ ಕಡೆ. ಆಟದಲ್ಲಿ ಅದನ್ನೇ ಇಡು.”

“ಹೆಂಗೆ ಇಡ್ಲಿ ಓಡೆಟ್? ಆಮೇಲೆ ಕಥೆ ತಿದ್ದಿ ನಲವತ್ತು ಹೊಸ ಮಾತು ಬರೆದೋಳು ನೀನೇ. ಅವನ್ನ ಯಾರು ಹೇಳ್ತಾರೆ? ಯಂತ್ರದಲ್ಲಿ ದನಿ ಮಾಡ್ಸೋಕೆ ಕಂಪನಿ ಒಪ್ಪಲ್ಲ.”

“ಕೆಮ್ಮನ್ನಾದ್ರೂ ತೆಗಿ.”

“ಜನ ಮೆಚ್ಚಿದ್ದೇ ಅದನ್ನ,” ಎಂದ. ಪಾಪ, ದನಿ ತಗ್ಗಿಸಿಯೇ ಹೇಳಿದ.

ನಟ ಬಂದ. ಲ್ಯೂಡೊ ಅಂತ, ಶ್ರದ್ಧೆಯ ಹುಡುಗ. ಮೂಲ ದನಿಯವರನ್ನು ನೋಡಬೇಕೆಂದು ಅವನೇ ಅಣ್ಣನನ್ನು ಕರೆಸಿದ್ದ. ಬೇಡ ಎಂದು ನಾನು ಬಡಕೊಂಡೆ. ಅಣ್ಣ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು, ಬರೆಯುವ ಹಲಗೆ ಹಿಡಿದು, ನನಗಿಂತ ಮೊದಲೇ ಬಂದು ಕೂತಿದ್ದ.

ಲ್ಯೂಡೊ ಎರಡು ಸಲ ಕೆಮ್ಮಿ ನೋಡಿ ನಿಲ್ಲಿಸಿದ. “ಒಂದು ಸಂಶಯ ಮೇಡಂ. ಈ ಕೆಮ್ಮು ಯಾತಕ್ಕೆ? ಚಳಿಗಾ, ಹೊಗೆಗಾ? ಕಾರಣ ಗೊತ್ತಾಗದೆ ನಂಗೆ ಹಿಡಿತ ಸಿಗ್ತಿಲ್ಲ.”

ಬ್ರೂನೊ ಮೇಜಿನ ಮೇಲಿದ್ದ ಹಾಳೆ ತೆಗೆದು ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿಬಿಟ್ಟ: “ಕಾರಣ ಬೇಕಿಲ್ಲ, ಮನುಷ್ಯ ಅನ್ನಿಸಿದರೆ ಸಾಕು.” ಓದಿದ ಮೇಲೆ ಅವನ ಮುಖ ಬಿಳುಚಿತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಣ್ಣ ಹಲಗೆಯ ಮೇಲೆ ನಿಧಾನವಾಗಿ ಬರೆದು, ನನಗಲ್ಲ, ಲ್ಯೂಡೊಗೆ ತೋರಿಸಿದ: ‘ನಗೋವಾಗ ಬರಲ್ಲ. ನಕ್ಕಾದ ಮೇಲೆ ಬರುತ್ತೆ. ಸ್ವಲ್ಪ ತಡ ಮಾಡು.’

ಲ್ಯೂಡೊ ಹಾಗೇ ಮಾಡಿದ. ನಕ್ಕ, ಒಂದು ಗಳಿಗೆ ಬಿಟ್ಟ, ಕೆಮ್ಮಿದ. ಥೇಟ್ ನನ್ನ ಅಣ್ಣ. ಅದನ್ನು ಕೇಳಿ ಅಣ್ಣನಿಗೆ ನಗು ಬಂತು. ಭುಜ ಕುಣಿಯಿತು, ಸದ್ದೇ ಇಲ್ಲ.

“ಓಡೆಟ್,” ಎಂದ ಬ್ರೂನೊ, “ಸರಿಯಾಯ್ತಾ? ನೀನು ಒಪ್ಪಿದ್ರೆ ಮುಂದಕ್ಕೆ ಹೋಗೋಣ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅಣ್ಣನೂ.

“ಸರಿಯಾಗಿದೆ,” ಎಂದೆ.